ಬೆಳೆ ರೋಗದ ಛಾಯಾಚಿತ್ರ: ಡಿಜಿಟಲ್ ಕ್ಯಾಮೆರಾದಲ್ಲಿ ಚಿತ್ರದ ಗುಣಮಟ್ಟ ನಿರ್ಧಾರವಾಗುವ ಬಗೆ

ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿ ಹೋಬಳಿಯಲ್ಲಿ ಕಪಿಲಾ ನದಿಯ ನೀರನ್ನು ನಂಬಿ ಭತ್ತ ಬೆಳೆಯುವ ರೈತರು ಅನೇಕರಿದ್ದಾರೆ. ನಾಟಿ ಮಾಡಿದ ಕೆಲವು ವಾರಗಳಲ್ಲಿ ಎಲೆಗಳ ಮೇಲೆ ಚುಕ್ಕೆಗಳು ಕಾಣಿಸಿಕೊಂಡರೆ ಹಿಂದೆ ರೈತರು ಎಲೆಯನ್ನು ಕಿತ್ತು ಕಾಗದದಲ್ಲಿ ಸುತ್ತಿ, ಬಸ್ ಹತ್ತಿ, ಕೃಷಿ ಇಲಾಖೆಯ ಕಚೇರಿಗೆ ಬರುತ್ತಿದ್ದರು. ಈಗ ಗದ್ದೆಯ ಬದುವಿನ ಮೇಲೆ ನಿಂತುಕೊಂಡೇ ಮೊಬೈಲಿನಲ್ಲಿ ಚಿತ್ರ ತೆಗೆದು ವಾಟ್ಸ್‌ಆಪ್ ಮೂಲಕ ಕಳುಹಿಸುತ್ತಾರೆ. ಚಿತ್ರ ಕ್ಷಣಾರ್ಧದಲ್ಲಿ ತಲುಪುತ್ತದೆ. ಆದರೆ ಹಾಗೆ ತಲುಪಿದ ಚಿತ್ರದಿಂದ ರೋಗವನ್ನು ಗುರುತಿಸಲು ಸಾಧ್ಯವೇ ಎಂಬುದು ಬೇರೆಯೇ ಪ್ರಶ್ನೆ.

ಭತ್ತದ ಎರಡು ಸಾಮಾನ್ಯ ರೋಗಗಳನ್ನೇ ತೆಗೆದುಕೊಳ್ಳಬಹುದು. ಬೆಂಕಿ ರೋಗದ ಚುಕ್ಕೆ ನಡುವೆ ಅಗಲವಾಗಿದ್ದು ಎರಡೂ ತುದಿಗಳಲ್ಲಿ ಚೂಪಾಗಿ, ನೂಲುವ ಕದಿರಿನ ಆಕಾರದಲ್ಲಿರುತ್ತದೆ. ಅದರ ಮಧ್ಯಭಾಗ ಬೂದು ಬಣ್ಣ, ಅಂಚು ಕಂದು ಬಣ್ಣ. ಕಂದು ಚುಕ್ಕೆ ರೋಗದ ಚುಕ್ಕೆಯಾದರೋ ಎಳ್ಳಿನ ಕಾಳಿನಂತೆ ಅಂಡಾಕಾರವಾಗಿರುತ್ತದೆ. ಮೊದಲನೆಯ ರೋಗ ಸಾರಜನಕ ಹೆಚ್ಚಾದ ಗದ್ದೆಯಲ್ಲಿ ಉಲ್ಬಣಗೊಳ್ಳುತ್ತದೆ. ಎರಡನೆಯದು ಸಾಮಾನ್ಯವಾಗಿ ಪೋಷಕಾಂಶಗಳು ಸಾಲದ, ಬಡಕಲು ಭೂಮಿಯಲ್ಲಿ ಕಾಣಿಸಿಕೊಳ್ಳುತ್ತದೆ. ಬೆಂಕಿ ರೋಗ ತಗುಲಿದ ಎಲೆಯ ಚಿತ್ರವನ್ನು ಸಂಜೆ ಮನೆಯ ಹಳದಿ ದೀಪದ ಕೆಳಗೆ ತೆಗೆದಿದ್ದಾರೆ, ಚಿತ್ರ ಮಬ್ಬಾಗಿದೆ, ಎಲೆ ಹಳದಿಯಾಗಿ ಕಾಣುತ್ತಿದೆ, ಚುಕ್ಕೆಗಳ ಆಕಾರ ತಿಳಿಯುತ್ತಿಲ್ಲ ಎಂದು ಭಾವಿಸಿದರೆ ಮುಂದೇನಾಗುತ್ತದೆಂಬುದು ಸುಲಭವಾಗಿ ತಿಳಿಯುತ್ತದೆ. ನೋಡಿದವರು ಇದನ್ನು ಸಾರಜನಕದ ಕೊರತೆ ಎಂದು ತಿಳಿದು ಯೂರಿಯಾ ಹಾಕಲು ಹೇಳಬಹುದು. ಹಾಕಿದ ಯೂರಿಯಾ ರೋಗಕ್ಕೆ ಇನ್ನಷ್ಟು ಬಲ ಕೊಡುತ್ತದೆ. ಗೊಬ್ಬರದ ಹಣವೂ ಹೋಯಿತು, ಬೆಳೆಯೂ ಹೋಯಿತು. ಆದುದರಿಂದ ಚಿತ್ರ ಚೆನ್ನಾಗಿ ಬರುವುದು ಕೇವಲ ಅಂದಚೆಂದದ ಮಾತಲ್ಲ. ಕ್ಯಾಮೆರಾದೊಳಗೆ ಏನು ನಡೆಯುತ್ತದೆ, ಚಿತ್ರ ಎಲ್ಲಿ ಕೆಡುತ್ತದೆ ಎಂಬುದನ್ನು ರೈತರೂ ವಿಸ್ತರಣಾ ಕಾರ್ಯಕರ್ತರೂ ತಿಳಿದಿರುವುದು ಅವಶ್ಯಕ.

ಕ್ಯಾಮೆರಾದೊಳಗೆ ನಡೆಯುವ ಕ್ರಿಯೆ

ಹಳೆಯ ಕ್ಯಾಮೆರಾದಲ್ಲಿ ಫಿಲ್ಮ್ ಇರುತ್ತಿದ್ದ ಜಾಗದಲ್ಲಿ ಡಿಜಿಟಲ್ ಕ್ಯಾಮೆರಾದಲ್ಲಿ ಬೆಳಕನ್ನು ಗ್ರಹಿಸುವ ಒಂದು ಪುಟ್ಟ ಸಿಲಿಕಾನ್ ಫಲಕವಿರುತ್ತದೆ. ಇದನ್ನು ಸೆನ್ಸರ್ ಎನ್ನುತ್ತಾರೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಎಂಬ ವಿಜ್ಞಾನಿಗಳು 1969ರಲ್ಲಿ ರೂಪಿಸಿದ ಸಾಧನದಿಂದ ಈ ಮಾರ್ಗ ತೆರೆಯಿತು. ಅವರಿಗೆ 2009ರಲ್ಲಿ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. 1975ರಲ್ಲಿ ಕೊಡಾಕ್ ಸಂಸ್ಥೆಯ ಸ್ಟೀವನ್ ಸ್ಯಾಸನ್ ತಯಾರಿಸಿದ ಮೊದಲ ಡಿಜಿಟಲ್ ಕ್ಯಾಮೆರಾ ಸುಮಾರು ಮೂರೂವರೆ ಕಿಲೋಗ್ರಾಂ ತೂಗುತ್ತಿತ್ತು. ಒಂದು ಕಪ್ಪು ಬಿಳುಪು ಚಿತ್ರವನ್ನು ಕ್ಯಾಸೆಟ್ಟಿನಲ್ಲಿ ದಾಖಲಿಸಲು ಅದಕ್ಕೆ 23 ಸೆಕೆಂಡು ಬೇಕಾಗುತ್ತಿತ್ತು. ಆ ಚಿತ್ರದಲ್ಲಿದ್ದುದು 100ಕ್ಕೆ 100, ಅಂದರೆ 10,000 ಬಿಂದುಗಳು ಮಾತ್ರ. ಇಂದು ಸಾಧಾರಣ ಬೆಲೆಯ ಮೊಬೈಲಿನಲ್ಲಿಯೂ 4,000ಕ್ಕೆ 3,000, ಅಂದರೆ 1 ಕೋಟಿ 20 ಲಕ್ಷ ಬಿಂದುಗಳ ಚಿತ್ರ ಬರುತ್ತದೆ. ಇದನ್ನೇ 12 ಮೆಗಾಪಿಕ್ಸೆಲ್ ಎನ್ನುವುದು.

ಸೆನ್ಸರಿನ ಪ್ರತಿಯೊಂದು ಬಿಂದುವೂ ಬೆಳಕನ್ನು ಹಿಡಿದಿಡುವ ಒಂದು ಪುಟ್ಟ ಪಾತ್ರೆಯಂತೆ. ಮನೆಯ ಅಂಗಳದಲ್ಲಿ ಸಾಲಾಗಿ ಲೋಟಗಳನ್ನಿಟ್ಟು ಮಳೆಗೆ ಬಿಟ್ಟರೆ ಹೇಗೋ ಹಾಗೆ. ಮಳೆ ನಾಲ್ಕು ಹನಿ ಹಾಕಿ ನಿಂತರೆ ಒಂದು ಲೋಟದಲ್ಲಿ ಮೂರು ಹನಿ, ಪಕ್ಕದ್ದರಲ್ಲಿ ಆರು ಹನಿ ಬಿದ್ದಿರುತ್ತವೆ. ಎಲ್ಲ ಲೋಟಗಳ ಮೇಲೂ ಬಿದ್ದ ಮಳೆ ಒಂದೇ ಆದರೂ ಲೆಕ್ಕ ಒಂದೇ ಬರುವುದಿಲ್ಲ. ಹದವಾದ ಮಳೆ ಬಿದ್ದ ಮೇಲೆ ನೋಡಿದರೆ ಎಲ್ಲ ಲೋಟಗಳಲ್ಲಿಯೂ ನೀರು ಹೆಚ್ಚು ಕಡಮೆ ಸಮನಾಗಿರುತ್ತದೆ. ಬೆಳಕೂ ಕಣಗಳಾಗಿಯೇ ಬಂದು ಬೀಳುತ್ತದೆ. ಒಂದು ಬಿಂದುವಿಗೆ ಸರಾಸರಿ 100 ಕಣಗಳು ಬಿದ್ದರೆ ಅದರಲ್ಲಿ ಸುಮಾರು 10ರಷ್ಟು, ಅಂದರೆ ಶೇಕಡ 10ರಷ್ಟು ಏರುಪೇರಿರುತ್ತದೆ. 10,000 ಕಣಗಳು ಬಿದ್ದರೆ ಏರುಪೇರು 100, ಅಂದರೆ ಶೇಕಡ 1 ಮಾತ್ರ. ಮಂದ ಬೆಳಕಿನಲ್ಲಿ ತೆಗೆದ ಚಿತ್ರದಲ್ಲಿ ರವೆ ಚೆಲ್ಲಿದಂತೆ ಕಾಣುವ ಚುಕ್ಕೆಗಳಿಗೆ ಮುಖ್ಯ ಕಾರಣ ಇದೇ. ಈ ರವೆಯನ್ನು ಅಳಿಸಲು ಮೊಬೈಲು ತಾನೇ ಚಿತ್ರವನ್ನು ಸವರಿ ನುಣುಪು ಮಾಡುತ್ತದೆ. ಹಾಗೆ ಸವರುವಾಗ ಎಲೆಯ ಮೇಲಿನ ನಿಜವಾದ ಸಣ್ಣ ಚುಕ್ಕೆಗಳೂ ಅಳಿಸಿಹೋಗುತ್ತವೆ. ರೋಗ ಗುರುತಿಸಬೇಕಾದವರಿಗೆ ರವೆಗಿಂತ ಈ ನುಣುಪೇ ಹೆಚ್ಚು ತೊಂದರೆ ಕೊಡುತ್ತದೆ.

ಮೆಗಾಪಿಕ್ಸೆಲ್ ಹೆಚ್ಚಿದ್ದರೆ ಸಾಕೇ?

ಅಂಗಡಿಯಲ್ಲಿ ಮೊಬೈಲು ಕೊಳ್ಳುವಾಗ ಮೊದಲು ಕೇಳಿಬರುವ ಮಾತು ಮೆಗಾಪಿಕ್ಸೆಲ್ಲಿನದು. 48, 50, 108, ಈಗ 200 ಎಂದು ಸಂಖ್ಯೆ ಏರುತ್ತಲೇ ಇದೆ. ಒಂದೇ ಅಳತೆಯ ಸಸಿಮಡಿಯಲ್ಲಿ ಬೀಜವನ್ನು ಒತ್ತೊತ್ತಾಗಿ ಚೆಲ್ಲಿದರೆ ಸಸಿಗಳ ಸಂಖ್ಯೆ ಹೆಚ್ಚುತ್ತದೆ, ಆದರೆ ಪ್ರತಿ ಸಸಿಯೂ ಸಣಕಲಾಗುತ್ತದೆ. ಸೆನ್ಸರಿನ ಸ್ಥಿತಿಯೂ ಅದೇ. ವೃತ್ತಿನಿರತ ಛಾಯಾಗ್ರಾಹಕರು ಬಳಸುವ ದೊಡ್ಡ ಕ್ಯಾಮೆರಾದ ಸೆನ್ಸರು 36 ಮಿಲಿಮೀಟರ್ ಅಗಲ, 24 ಮಿಲಿಮೀಟರ್ ಎತ್ತರವಿದ್ದು 864 ಚದರ ಮಿಲಿಮೀಟರಿನಷ್ಟು ವಿಸ್ತಾರವಾಗಿರುತ್ತದೆ. 48 ಮೆಗಾಪಿಕ್ಸೆಲ್ಲಿನ ಒಂದು ಸಾಮಾನ್ಯ ಮೊಬೈಲ್ ಸೆನ್ಸರಿನ ಅಳತೆ 6.4ಕ್ಕೆ 4.8 ಮಿಲಿಮೀಟರ್, ವಿಸ್ತಾರ ಸುಮಾರು 31 ಚದರ ಮಿಲಿಮೀಟರ್. ಅಂದರೆ ದೊಡ್ಡದರ 28ರಲ್ಲಿ ಒಂದು ಪಾಲು! ಅಷ್ಟರಲ್ಲಿ 4 ಕೋಟಿ 80 ಲಕ್ಷ ಬಿಂದುಗಳನ್ನು ತುಂಬಿದಾಗ ಒಂದೊಂದು ಬಿಂದುವಿನ ಅಗಲ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಮೆ, 0.8 ಮೈಕ್ರಾನ್ ಆಗುತ್ತದೆ. ಇಂತಹ ಪಾತ್ರೆಗೆ ಬೀಳುವ ಬೆಳಕು ಅತ್ಯಲ್ಪ.

ಇನ್ನೊಂದು ಅಡಚಣೆ ಮಸೂರದಿಂದ ಬರುತ್ತದೆ. ಬೆಳಕು ಅಲೆಯ ಸ್ವಭಾವವುಳ್ಳದ್ದು. ಕಿರಿದಾದ ಕಿಂಡಿಯನ್ನು ದಾಟುವಾಗ ಅದು ಹರಡಿಕೊಳ್ಳುತ್ತದೆ. ಮೊಬೈಲಿನ ಮಸೂರ ಎಷ್ಟೇ ದೋಷರಹಿತವಾಗಿದ್ದರೂ ಒಂದು ಚುಕ್ಕೆ ಬೆಳಕು ಸೆನ್ಸರಿನ ಮೇಲೆ ಸುಮಾರು 2.4 ಮೈಕ್ರಾನ್ ಅಗಲದ ವೃತ್ತವಾಗಿ ಬೀಳುತ್ತದೆ, ಅಂದರೆ ಮೇಲೆ ಹೇಳಿದ ಬಿಂದುಗಳಲ್ಲಿ ಮೂರರ ಅಗಲ. ಬಿಂದುಗಳನ್ನು ಇನ್ನಷ್ಟು ಸಣ್ಣದಾಗಿ ಕೊಚ್ಚಿದರೆ ಹೊಸ ವಿವರ ಬಹಳವೇನೂ ಬರುವುದಿಲ್ಲ. ತಯಾರಕರಿಗೆ ಇದು ತಿಳಿದಿರುವುದರಿಂದಲೇ ಇಂತಹ ಮೊಬೈಲುಗಳು ನಾಲ್ಕು ಬಿಂದುಗಳನ್ನು ಕೂಡಿಸಿ ಒಂದಾಗಿ ಎಣಿಸಿ 12 ಮೆಗಾಪಿಕ್ಸೆಲ್ಲಿನ ಚಿತ್ರವನ್ನೇ ಕೊಡುತ್ತವೆ. ಬೆಳೆಯ ಚಿತ್ರಕ್ಕೆ ಈ 12 ಸಾಕು. ಹೆಚ್ಚಿನ ಸಂಖ್ಯೆಗಾಗಿ ಹೊಸ ಮೊಬೈಲು ಕೊಳ್ಳುವ ಹಣದಲ್ಲಿ ಮಣ್ಣು ಪರೀಕ್ಷೆ ಮಾಡಿಸಿದರೆ ಹೆಚ್ಚು ಲಾಭ.

ಮಸೂರದ ಬಗೆಗೆ ಹೇಳಬೇಕಾದ ಇನ್ನೊಂದು ಮಾತು ತೀರ ಸರಳವಾದದ್ದು. ಜೇಬಿನಲ್ಲಿ, ಸೊಂಟದಲ್ಲಿ ಇರುವ ಮೊಬೈಲಿನ ಗಾಜಿನ ಮೇಲೆ ಬೆವರು, ಎಣ್ಣೆ, ಮಣ್ಣಿನ ಧೂಳು ಕುಳಿತಿರುತ್ತವೆ. ಚಿತ್ರವೆಲ್ಲ ಮಂಜು ಕವಿದಂತೆ ಬಂದರೆ ಬಹುತೇಕ ಇದೇ ಕಾರಣ. ಮೆತ್ತನೆಯ ಹತ್ತಿಬಟ್ಟೆಯಿಂದ ಒರೆಸಿದರೆ ಸಾಕು.

ದೂರದ ಲೆಕ್ಕ

ಮೊಬೈಲಿನ ಮುಖ್ಯ ಕ್ಯಾಮೆರಾ ಒಂದು ಮೀಟರ್ ದೂರದಲ್ಲಿ ಸುಮಾರು 130 ಸೆಂಟಿಮೀಟರ್ ಅಗಲದ ಜಾಗವನ್ನು ನೋಡುತ್ತದೆ. ಆ ಅಗಲವನ್ನು 4,000 ಬಿಂದುಗಳು ಹಂಚಿಕೊಂಡಾಗ ಒಂದು ಬಿಂದುವಿನ ಪಾಲಿಗೆ ಮೂರನೇ ಒಂದು ಮಿಲಿಮೀಟರ್ ಬರುತ್ತದೆ. ಒಂದು ಸೆಂಟಿಮೀಟರ್ ಉದ್ದದ ಬೆಂಕಿ ರೋಗದ ಚುಕ್ಕೆಗೆ 30 ಬಿಂದುಗಳು ದೊರೆತವು. ಪರವಾಗಿಲ್ಲ ಎನಿಸಬಹುದು. ಆದರೆ ವಾಟ್ಸ್‌ಆಪಿನಲ್ಲಿ ಮಾಮೂಲಿನಂತೆ ಕಳುಹಿಸಿದಾಗ ಚಿತ್ರ ಸುಮಾರು 1,600 ಬಿಂದುಗಳ ಅಗಲಕ್ಕೆ ಕುಗ್ಗುತ್ತದೆ. ಆಗ ಅದೇ ಚುಕ್ಕೆಗೆ ಉಳಿಯುವುದು 12 ಬಿಂದು ಉದ್ದ, ನಾಲ್ಕೈದು ಬಿಂದು ಅಗಲ. ಕದಿರಿನ ಆಕಾರವೋ ಎಳ್ಳಿನ ಆಕಾರವೋ ಎಂಬುದನ್ನು ಇಷ್ಟರಲ್ಲಿ ಹೇಳುವುದು ಕಷ್ಟ. ಅದೇ ಚಿತ್ರವನ್ನು 20 ಸೆಂಟಿಮೀಟರ್, ಅಂದರೆ ಒಂದು ಗೇಣು ದೂರದಿಂದ ತೆಗೆದರೆ, ಕುಗ್ಗಿದ ಮೇಲೂ ಚುಕ್ಕೆಯ ಉದ್ದಕ್ಕೆ 60 ಬಿಂದುಗಳು ಸಿಗುತ್ತವೆ. ಬೂದು ಮಧ್ಯಭಾಗ, ಕಂದು ಅಂಚು ಬೇರೆ ಬೇರೆಯಾಗಿ ಕಾಣುತ್ತವೆ.

ದೂರ ನಿಂತು ಬೆರಳಿನಿಂದ ಪರದೆಯನ್ನು ಹಿಗ್ಗಿಸಿ ಚಿತ್ರ ತೆಗೆಯುವುದರಿಂದ ಇದೇ ಫಲ ದೊರೆಯುತ್ತದೆಂದು ಕೆಲವರು ತಿಳಿದಿದ್ದಾರೆ. ಇದು ತಪ್ಪು. ಪ್ರತ್ಯೇಕವಾದ ದೂರದ ಮಸೂರವಿಲ್ಲದ ಮೊಬೈಲುಗಳಲ್ಲಿ ಹೀಗೆ ಎರಡು ಪಟ್ಟು ಹಿಗ್ಗಿಸುವುದೆಂದರೆ ಚಿತ್ರದ ನಾಲ್ಕನೇ ಒಂದು ಭಾಗವನ್ನು ಕತ್ತರಿಸಿ ಎಳೆದು ದೊಡ್ಡದು ಮಾಡುವುದು ಎಂದಷ್ಟೇ ಅರ್ಥ. ಕಾಲು ಮುಂದಿಟ್ಟು ಹತ್ತಿರ ಹೋಗುವುದೇ ಸರಿಯಾದ ಮಾರ್ಗ.

ಆದರೆ ಹತ್ತಿರಕ್ಕೂ ಒಂದು ಮಿತಿ ಉಂಟು. ಬಹುಪಾಲು ಮೊಬೈಲುಗಳ ಮುಖ್ಯ ಕ್ಯಾಮೆರಾ ಎಂಟು ಹತ್ತು ಸೆಂಟಿಮೀಟರಿಗಿಂತ ಹತ್ತಿರದ ವಸ್ತುವನ್ನು ಸ್ಪಷ್ಟವಾಗಿ ಕಾಣಲಾರದು. ಭತ್ತದ ಎಲೆಯಂತಹ ಸಪೂರ ವಸ್ತುವಾದರೆ ಕ್ಯಾಮೆರಾ ಎಲೆಯನ್ನು ಬಿಟ್ಟು ಹಿಂದಿನ ಕೆಸರನ್ನು ಸ್ಪಷ್ಟ ಮಾಡುವುದೂ ಉಂಟು. ಎಲೆಯ ಹಿಂದೆ ಅಂಗೈಯನ್ನೋ ಒಂದು ರಟ್ಟನ್ನೋ ಹಿಡಿದು, ಪರದೆಯ ಮೇಲೆ ಕಾಣುವ ಚುಕ್ಕೆಯನ್ನು ಬೆರಳಿನಿಂದ ಮುಟ್ಟಿ, ಅದು ಸ್ಪಷ್ಟವಾದುದನ್ನು ನೋಡಿದ ನಂತರ ಚಿತ್ರ ತೆಗೆಯಬೇಕು. ಹಿಂದೆ ಹಿಡಿದ ಅಂಗೈ ಗಾಳಿಗೆ ಎಲೆ ಅಲುಗದಂತೆಯೂ ನೋಡಿಕೊಳ್ಳುತ್ತದೆ. ಸೆಕೆಂಡಿಗೆ 20 ಸೆಂಟಿಮೀಟರ್ ವೇಗದಲ್ಲಿ ತೂಗುವ ಎಲೆ, ಕ್ಯಾಮೆರಾ ನೂರನೇ ಒಂದು ಸೆಕೆಂಡು ಕಣ್ಣು ತೆರೆದಿದ್ದರೂ ಎರಡು ಮಿಲಿಮೀಟರ್ ಸರಿದಿರುತ್ತದೆ. ಸಂಜೆಯ ಮಂದ ಬೆಳಕಿನಲ್ಲಿ ಕ್ಯಾಮೆರಾ ಇಪ್ಪತ್ತನೇ ಒಂದು ಸೆಕೆಂಡು ತೆರೆದಿರಬೇಕಾಗಿ ಬಂದರೆ ಸರಿಯುವುದು ಒಂದು ಸೆಂಟಿಮೀಟರ್, ಚುಕ್ಕೆಯ ಪೂರ್ತಿ ಉದ್ದ!

ಬಣ್ಣ ನಿಜವಾಗಿ ಬರಬೇಕಾದರೆ

ಸೆನ್ಸರಿನ ಪಾತ್ರೆಗಳಿಗೆ ಬಣ್ಣ ತಿಳಿಯದು. ಅವು ಬೆಳಕು ಎಷ್ಟೆಂಬುದನ್ನು ಮಾತ್ರ ಎಣಿಸುತ್ತವೆ. ಆದುದರಿಂದ ಪ್ರತಿ ಬಿಂದುವಿನ ಮೇಲೂ ಕೆಂಪು, ಹಸಿರು ಅಥವಾ ನೀಲಿ ಬಣ್ಣದ ಒಂದು ಸೋಸುಗವನ್ನು ಕೂರಿಸಿರುತ್ತಾರೆ. ಕೊಡಾಕ್ ಸಂಸ್ಥೆಯ ಬ್ರೈಸ್ ಬೇಯರ್ ರೂಪಿಸಿ 1976ರಲ್ಲಿ ಹಕ್ಕುಪತ್ರ ಪಡೆದ ಜೋಡಣೆಯಲ್ಲಿ ಅರ್ಧದಷ್ಟು ಬಿಂದುಗಳು ಹಸಿರಿಗೆ, ಉಳಿದವು ಕೆಂಪು ಮತ್ತು ನೀಲಿಗೆ ಕಾಲು ಕಾಲು ಪಾಲು. ಮನುಷ್ಯನ ಕಣ್ಣು ಹಸಿರಿನ ಸುತ್ತಮುತ್ತಲ ಬೆಳಕಿಗೆ ಹೆಚ್ಚು ಸೂಕ್ಷ್ಮವಾಗಿರುವುದೇ ಇದಕ್ಕೆ ಕಾರಣವಾದರೂ ಬೆಳೆ ಬೆಳೆಯುವವರಿಗೆ ಇದು ಅನುಕೂಲವೇ ಆಯಿತು. ಪ್ರತಿ ಬಿಂದುವಿನಲ್ಲಿ ಇಲ್ಲದ ಎರಡು ಬಣ್ಣಗಳನ್ನು ಕ್ಯಾಮೆರಾ ಅಕ್ಕಪಕ್ಕದ ಬಿಂದುಗಳನ್ನು ನೋಡಿ ಅಂದಾಜು ಮಾಡುತ್ತದೆ.

ಬೆಳಕಿನ ಬಣ್ಣ ಯಾವುದೆಂಬುದನ್ನೂ ಕ್ಯಾಮೆರಾ ಅಂದಾಜು ಮಾಡಬೇಕಾಗುತ್ತದೆ. ಮನೆಯ ದೀಪದ ಬೆಳಕು ಹಳದಿ, ಮರದ ನೆರಳಿನ ಬೆಳಕು ಹಸಿರು ಮಿಶ್ರಿತ, ತೆರೆದ ಆಕಾಶದ ಕೆಳಗಿನ ನೆರಳು ತುಸು ನೀಲಿ. ಚಿತ್ರದ ತುಂಬ ಹಸಿರೇ ಇದ್ದರೆ ಕ್ಯಾಮೆರಾ ಬೆಳಕೇ ಹಸಿರಾಗಿದೆ ಎಂದು ಭ್ರಮಿಸಿ ಹಸಿರನ್ನು ತಗ್ಗಿಸುವ ಸಂಭವವುಂಟು. ಆರೋಗ್ಯವಂತ ಪೈರೂ ಆಗ ಪೇಲವವಾಗಿ ಕಾಣುತ್ತದೆ. ಇದಕ್ಕೆ ವಿರುದ್ಧವಾಗಿ, ಕೆಲವು ಮೊಬೈಲುಗಳಲ್ಲಿ ಗಿಡಮರಗಳನ್ನು ಗುರುತಿಸಿ ಹಸಿರನ್ನು ತಾನೇ ಗಾಢಗೊಳಿಸುವ ವ್ಯವಸ್ಥೆ ಇರುತ್ತದೆ. ಮದುವೆ ಮನೆಯ ಚಿತ್ರಕ್ಕೆ ಅದು ಇರಲಿ, ರೋಗದ ಎಲೆಗೆ ಬೇಡ. ಚಿತ್ರದ ಮೂಲೆಯಲ್ಲಿ ಒಂದು ಬಿಳಿಯ ಕಾಗದ ಕಾಣುವಂತೆ ಇಟ್ಟರೆ, ಕಾಗದ ಯಾವ ಬಣ್ಣಕ್ಕೆ ವಾಲಿದೆ ಎಂಬುದನ್ನು ನೋಡಿ ಎಲೆಯ ನಿಜ ಬಣ್ಣವನ್ನು ತಜ್ಞರು ಊಹಿಸಬಲ್ಲರು. ಪಂಚೆಯ ಸೆರಗೂ ಆದೀತು. ಆದರೆ ನೀಲಿ ಹಾಕಿ ಒಗೆದ ಪಂಚೆಯನ್ನು ನಂಬುವಂತಿಲ್ಲ.

ಭತ್ತಕ್ಕೆ ಸಾರಜನಕ ಎಷ್ಟು ಬೇಕೆಂದು ತಿಳಿಯಲು ಎಲೆ ಬಣ್ಣದ ಪಟ್ಟಿಯನ್ನು ಬಳಸಿರುವ ರೈತರಿಗೆ ಒಂದು ನಿಯಮ ನೆನಪಿರಬಹುದು: ಬೆಳಿಗ್ಗೆ 8ರಿಂದ 10 ಗಂಟೆಯೊಳಗೆ, ಸೂರ್ಯನಿಗೆ ಬೆನ್ನು ಮಾಡಿ, ಎಲೆಯ ಮೇಲೆ ತಮ್ಮ ಮೈಯ ನೆರಳು ಬೀಳುವಂತೆ ನಿಂತು ಬಣ್ಣವನ್ನು ಹೋಲಿಸಬೇಕು. ಚಿತ್ರ ತೆಗೆಯಲೂ ಇದೇ ನಿಯಮ ಯೋಗ್ಯವಾದದ್ದು. ನೆತ್ತಿಯ ಬಿಸಿಲಿನಲ್ಲಿ ಬೆಳಕು ಸುಮಾರು ಒಂದು ಲಕ್ಷ ಲಕ್ಸ್ ಇದ್ದು ಎಲೆಯ ಮೇಣದ ಪದರ ಕನ್ನಡಿಯಂತೆ ಹೊಳೆಯುತ್ತದೆ, ಹೊಳೆಯುವ ಕಡೆ ಚುಕ್ಕೆ ಕಾಣುವುದಿಲ್ಲ, ನೆರಳಿನ ಕಡೆ ಕತ್ತಲು. ತೆರೆದ ನೆರಳಿನಲ್ಲಿ ಸಾವಿರಾರು ಲಕ್ಸ್ ಬೆಳಕು ಸಮನಾಗಿ ಹರಡಿರುತ್ತದೆ. ಕ್ಯಾಮೆರಾಕ್ಕೆ ಅಷ್ಟು ಧಾರಾಳವಾಗಿ ಸಾಕು. ಮನೆಯೊಳಗೆ ದೀಪದ ಕೆಳಗೆ ಇರುವುದು ನೂರು, ಇನ್ನೂರು ಲಕ್ಸ್ ಮಾತ್ರ. ಮೊಬೈಲಿನ ಫ್ಲಾಷ್ ಉರಿಸಿದರೆ ಎಲೆಯ ನಡುವೆ ಬಿಳಿಯ ಕಲೆ ಬೀಳುತ್ತದೆ. ಬೇರೆ ದಾರಿಯೇ ಇಲ್ಲದಾಗ ಮಾತ್ರ ಅದನ್ನು ಬಳಸಬೇಕು. ಎಲೆಯನ್ನು ಆಕಾಶಕ್ಕೆ ಎದುರಾಗಿ ಹಿಡಿದರೆ ಆಕಾಶದ ಬೆಳಕಿಗೆ ತಕ್ಕಂತೆ ಕ್ಯಾಮೆರಾ ಚಿತ್ರವನ್ನು ತಗ್ಗಿಸಿಬಿಡುವುದರಿಂದ ಎಲೆ ಕಪ್ಪಾಗಿ ಬರುತ್ತದೆ.

ನಂಜನಗೂಡಿನ ರಸಬಾಳೆಯಲ್ಲಿ ಬಣ್ಣದ ಮಹತ್ವ ಇನ್ನೂ ಹೆಚ್ಚು. ಈ ತಳಿಯನ್ನು ಬಹುವಾಗಿ ಹಾಳು ಮಾಡಿದ ಪನಾಮ ಸೊರಗು ರೋಗದಲ್ಲಿ ಮೊದಲು ಕೆಳಗಿನ ಎಲೆಗಳ ಅಂಚು ಹಳದಿಯಾಗಿ, ನಂತರ ಎಲೆಗಳು ತೊಟ್ಟಿನ ಬಳಿ ಮುರಿದು ಕಾಂಡದ ಸುತ್ತ ಜೋತು ಬೀಳುತ್ತವೆ. ಪೊಟ್ಯಾಷ್ ಕೊರತೆಯಲ್ಲಿಯೂ ಹಳೆಯ ಎಲೆಗಳೇ ಹಳದಿಯಾಗುತ್ತವೆ. ಆದುದರಿಂದ ಎಲೆಯ ಚಿತ್ರವೊಂದೇ ಸಾಲದು. ಸೊರಗಿದ ಗಿಡದ ಕಾಂಡವನ್ನು ಕತ್ತರಿಸಿದಾಗ ಒಳಗಿನ ನಾಳಗಳಲ್ಲಿ ಕಾಣುವ ಕೆಂಪು ಮಿಶ್ರಿತ ಕಂದು ಗೆರೆಗಳೇ ರೋಗದ ನಿಜವಾದ ಗುರುತು. ಕತ್ತರಿಸಿದ ಬಾಳೆ ಗಾಳಿಗೆ ತಾನಾಗಿಯೇ ಕಪ್ಪಾಗುವುದರಿಂದ ತಡಮಾಡದೆ, ನೆರಳಿನಲ್ಲಿ, ಬಿಳಿ ಕಾಗದದೊಡನೆ ಚಿತ್ರ ತೆಗೆಯಬೇಕು. ಒಂದು ಗಿಡಕ್ಕೆ ಪೊಟ್ಯಾಷ್ ಹಾಕಿದರೆ ಸರಿಹೋಗುತ್ತದೋ ಅಥವಾ ಗಿಡವನ್ನೇ ಕಿತ್ತು ಸುಟ್ಟು, ಆ ತೋಟದ ಕಂದುಗಳನ್ನು ನಾಟಿಗೆ ಬಳಸದಿರಬೇಕೋ ಎಂಬ ತೀರ್ಮಾನ ಈ ಒಂದು ಚಿತ್ರದ ಮೇಲೆ ನಿಲ್ಲಬಹುದು.

ಕಳುಹಿಸುವಾಗ ಆಗುವ ನಷ್ಟ

ಚೆನ್ನಾಗಿ ತೆಗೆದ ಚಿತ್ರವೂ ದಾರಿಯಲ್ಲಿ ಕೆಡುತ್ತದೆ. 1992ರಲ್ಲಿ ರೂಢಿಗೆ ಬಂದ ಜೆಪೆಗ್ ಎಂಬ ಕ್ರಮದಲ್ಲಿ ಚಿತ್ರವನ್ನು 8ಕ್ಕೆ 8 ಬಿಂದುಗಳ ಚೌಕಗಳಾಗಿ ಭಾಗಿಸಿ, ಪ್ರತಿ ಚೌಕದಲ್ಲಿ ಕಣ್ಣಿಗೆ ಅಷ್ಟಾಗಿ ತಿಳಿಯದ ಸೂಕ್ಷ್ಮ ವಿವರಗಳನ್ನು ಕೈಬಿಡುತ್ತಾರೆ. ಬಣ್ಣದ ವಿವರವನ್ನಂತೂ ಸಾಮಾನ್ಯವಾಗಿ ಉದ್ದಗಲ ಎರಡರಲ್ಲಿಯೂ ಅರ್ಧಕ್ಕಿಳಿಸುತ್ತಾರೆ. ಮುಖದ ಚಿತ್ರದಲ್ಲಿ ಇದು ತಿಳಿಯುವುದೇ ಇಲ್ಲ. ಆದರೆ ಚುಕ್ಕೆಯ ಸುತ್ತಲ ಅರ್ಧ ಮಿಲಿಮೀಟರಿನ ಕಂದು ಅಂಚು ಮೊದಲು ಬಲಿಯಾಗುವುದು ಇಲ್ಲಿಯೇ. ವಾಟ್ಸ್‌ಆಪಿನಲ್ಲಿ 2023ರಿಂದ ಹೆಚ್ಚಿನ ಸ್ಪಷ್ಟತೆಯಲ್ಲಿ, ಅಂದರೆ ‘ಎಚ್‌ಡಿ’ ಗುರುತನ್ನು ಒತ್ತಿ ಕಳುಹಿಸುವ ಅವಕಾಶವಿದೆ. ಚಿತ್ರವನ್ನು ‘ಡಾಕ್ಯುಮೆಂಟ್’ ಆಗಿ ಕಳುಹಿಸಿದರೆ ಮೂಲಚಿತ್ರ ಇದ್ದ ಹಾಗೆಯೇ ತಲುಪುತ್ತದೆ. ಬಂದ ಚಿತ್ರದ ಸ್ಕ್ರೀನ್‌ಶಾಟ್ ತೆಗೆದು ಮತ್ತೊಬ್ಬರಿಗೆ ಕಳುಹಿಸುವುದನ್ನು ವಿಸ್ತರಣಾ ಕಾರ್ಯಕರ್ತರು ಬಿಡಬೇಕು. ಪ್ರತಿ ಸಲವೂ ಒಂದಿಷ್ಟು ವಿವರ ಉದುರಿಹೋಗುತ್ತದೆ.

ಸ್ಥಳದ ಗುರುತಿನ ವಿಷಯ ಬೇರೆ. 2020ರಿಂದ ರಾಜ್ಯದ ರೈತರು ತಾವೇ ಬೆಳೆ ಸಮೀಕ್ಷೆ ಆ್ಯಪಿನಲ್ಲಿ ಬೆಳೆಯ ಚಿತ್ರ ದಾಖಲಿಸುವ ಪದ್ಧತಿ ಬಂದಿದೆ. ಅಲ್ಲಿ ಚಿತ್ರದೊಡನೆ ಜಮೀನಿನ ಸ್ಥಾನವೂ ಸೇರಬೇಕಾಗಿರುವುದರಿಂದ ಹೊಲದಲ್ಲಿ ನಿಂತೇ ತೆಗೆಯಬೇಕು, ಮತ್ತು ಬೆಳೆ ಯಾವುದೆಂದು ತಿಳಿಯುವಷ್ಟು ದೂರದಿಂದ ತೆಗೆಯಬೇಕು. ರೋಗದ ಚಿತ್ರಕ್ಕೆ ಹೇಳಿದ ಗೇಣು ದೂರದ ನಿಯಮ ಅದಕ್ಕೆ ಅನ್ವಯಿಸದು.

ಕ್ಯಾಮೆರಾಕ್ಕೆ ಸಿಗದ ರೋಗಗಳು

ತೆಂಗಿನ ಕಾಯಿಗೆ ಬೀಳುವ ನುಸಿಯ ಉದ್ದ ಸುಮಾರು 0.2 ಮಿಲಿಮೀಟರ್. ಹತ್ತು ಸೆಂಟಿಮೀಟರ್ ಹತ್ತಿರದಿಂದ ತೆಗೆದರೂ ಅದಕ್ಕೆ ಆರು ಬಿಂದುಗಳು, ಕುಗ್ಗಿಸಿ ಕಳುಹಿಸಿದರೆ ಎರಡು ಮೂರು ಬಿಂದುಗಳು ದೊರೆಯುತ್ತವೆ. ಸಾಲದ್ದಕ್ಕೆ ಅದು ಎಳೆಗಾಯಿಯ ತೊಟ್ಟಿನ ತೊಗಟೆಯ ಕೆಳಗೆ ಅಡಗಿರುತ್ತದೆ. ಹೀಗಾಗಿ ನುಸಿಯ ಬದಲು ಕಾಯಿಯ ಮೇಲಿನ ತ್ರಿಕೋನಾಕಾರದ ಬಿಳಿಚಿದ ಕಲೆ, ಕಂದು ಬಿರುಕುಗಳ ಚಿತ್ರ ತೆಗೆಯಬೇಕು. ಭತ್ತದ ಕಂದು ಜಿಗಿ ಹುಳು ಮೂರು ನಾಲ್ಕು ಮಿಲಿಮೀಟರ್ ಇದ್ದು ಚಿತ್ರಕ್ಕೆ ಸಿಗುತ್ತದೆ, ಆದರೆ ಎಲೆಯ ಮೇಲಲ್ಲ. ತೆಂಡೆಗಳನ್ನು ಬಿಡಿಸಿ ಬುಡದಲ್ಲಿ ನೀರಿನ ಮಟ್ಟಕ್ಕೆ ಸ್ವಲ್ಪ ಮೇಲೆ ಹುಡುಕಬೇಕು. ಕೆಲವು ಮೊಬೈಲುಗಳಲ್ಲಿ ಹತ್ತಿರದ ಚಿತ್ರಕ್ಕೆಂದೇ 2 ಮೆಗಾಪಿಕ್ಸೆಲ್ಲಿನ ಪುಟ್ಟ ಕ್ಯಾಮೆರಾ ಇರುತ್ತದೆ. ಸಂಖ್ಯೆ ಸಣ್ಣದಾದರೂ ಬೆಳಕು ಚೆನ್ನಾಗಿದ್ದು ನಾಲ್ಕು ಸೆಂಟಿಮೀಟರಿನಷ್ಟು ಹತ್ತಿರ ಹಿಡಿದರೆ ಇಂತಹ ಹುಳುಗಳಿಗೆ ಅದು ಕೆಲಸಕ್ಕೆ ಬರುತ್ತದೆ.

ಒಂದು ಸಮಸ್ಯೆಗೆ ಕನಿಷ್ಠ ಮೂರು ಚಿತ್ರಗಳಿರಲಿ: ರೋಗ ಮಡಿಯ ತುಂಬ ಹರಡಿದೆಯೋ ಅಲ್ಲಲ್ಲಿ ತೇಪೆಯಾಗಿದೆಯೋ ತೋರಿಸುವ ಇಡೀ ಗದ್ದೆಯ ಚಿತ್ರ, ಬುಡಸಮೇತ ಒಂದು ಗಿಡದ ಚಿತ್ರ, ರೋಗದ ಭಾಗದ ಹತ್ತಿರದ ಚಿತ್ರ. ಹತ್ತಿರದ ಚಿತ್ರದಲ್ಲಿ ಅಳತೆ ತಿಳಿಯಲು ಒಂದು ರೂಪಾಯಿ ನಾಣ್ಯವನ್ನೋ ಪೆನ್ನನ್ನೋ ಪಕ್ಕದಲ್ಲಿಡಬೇಕು. ಪಕ್ಕದ ಆರೋಗ್ಯವಂತ ಎಲೆಯೊಂದನ್ನು ಜೊತೆಗೆ ಹಿಡಿದು ತೆಗೆದರೆ ಬಣ್ಣದ ವಿಷಯದಲ್ಲಿ ಅರ್ಧ ಅನುಮಾನ ನೀಗುತ್ತದೆ. ತಳಿಯ ಹೆಸರು, ನಾಟಿಯಾದ ದಿನ, ಕೊನೆಯ ಸಲ ಹಾಕಿದ ಗೊಬ್ಬರ ಮತ್ತು ಸಿಂಪಡಿಸಿದ ಔಷಧಿ ಇವು ಎಂತಹ ಕ್ಯಾಮೆರಾಕ್ಕೂ ಕಾಣದ ಸಂಗತಿಗಳು. ಇವನ್ನು ಬರೆದೇ ತಿಳಿಸಬೇಕು.

ಬೇರುಗಂಟಿನ ಜಂತು, ಬುಡ ಕೊಳೆ, ನಂಜುರೋಗ ಮುಂತಾದವುಗಳಲ್ಲಿ ಚಿತ್ರ ನೋಡಿ ಅನುಮಾನ ಪಡಬಹುದೇ ಹೊರತು ಖಚಿತವಾಗಿ ಹೇಳಲಾಗದು. ಅಂತಹ ಸಂದರ್ಭದಲ್ಲಿ ಹುಲ್ಲಹಳ್ಳಿಯ ರೈತ ಸಂಪರ್ಕ ಕೇಂದ್ರಕ್ಕಾಗಲಿ, ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರಕ್ಕಾಗಲಿ ಮಾದರಿಯನ್ನೇ ಒಯ್ಯಬೇಕು. ಪೂರ್ತಿ ಸತ್ತ ಗಿಡದ ಬದಲು ಈಗಷ್ಟೇ ರೋಗ ಹತ್ತುತ್ತಿರುವ ಗಿಡವನ್ನು ಬೇರು ಮಣ್ಣಿನೊಡನೆ ಅಗೆದು, ಎಲೆಗಳನ್ನು ಹಳೆಯ ವೃತ್ತಪತ್ರಿಕೆಯಲ್ಲಿ ಸುತ್ತಿ ಅದೇ ದಿನ ತಲುಪಿಸಬೇಕು. ಒದ್ದೆ ಎಲೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ದಾರಿಯಲ್ಲಿಯೇ ಬೇರೆ ಬೂಷ್ಟು ಬೆಳೆದು ಮೂಲ ರೋಗ ಮರೆಯಾಗುತ್ತದೆ.